ಪಿನ್ನು

ನರ್ಸಿಂಗಿಗೆ ಸೀಟು ಸಿಗಲಿಲ್ಲ, ಇದು ಸಿಕ್ಕಿತು.
ರೇಡಿಯೋಗ್ರಫಿ ಅನ್ನಲು ನಾಲಿಗೆ ಹೊರಳದ ಅಜ್ಜಿ
"ಫೋಟೋ ತೆಗೆಯುವ ಕೆಲಸ" ಎಂದು ಊರಿಗೆಲ್ಲ ಹೇಳಿ ಬಂದಳು.
ಮದುವೆಗೆ ಬಾ, ಕ್ಯಾಮೆರಾ ತಾ ಎಂದವರೂ ಉಂಟು.

ಮೊದಲ ವಾರ ಮ್ಮೆ ಮಾಫುಸೆಂಗ್ ಹೇಳಿಕೊಟ್ಟದ್ದು
ಯಂತ್ರವನ್ನಲ್ಲ, ಮುಖವನ್ನು.
"ಪರದೆಯಲ್ಲಿ ಏನೇ ಕಾಣಲಿ
ಹುಬ್ಬು ಅಲುಗಬಾರದು.
ಓದುವವರು ಡಾಕ್ಟರು, ನಾವು ಬರೀ ತೆಗೆಯುವವರು.
ಕಣ್ಣಿಗೆ ಬಿದ್ದದ್ದು ಬಾಯಿಗೆ ಬರಬಾರದು."
ಬಾಡಿಗೆ ಕೋಣೆಯ ಕನ್ನಡಿಯೆದುರು ಅಭ್ಯಾಸ ಮಾಡಿದೆ.
ಯಾರ ಮೇಲೆ ಮುನಿಸು, ಎಂದಳು ತಂಗಿ.

ಮೊಖೋಟ್ಲಾಂಗಿನಲ್ಲಿ ಜುಲೈ ಎಂದರೆ ಹಿಮ.
ಕರೆಂಟು ಹೋಗಿ ಜನರೇಟರು ಕೆಮ್ಮಿ ಕೆಮ್ಮಿ ಏಳುವಷ್ಟರಲ್ಲಿ
ಬೆಂಚಿನ ಸಾಲು ಇನ್ನೆರಡು ಮೊಳ ಬೆಳೆದಿರುತ್ತದೆ.
ಕುದುರೆ ಕಟ್ಟಿ ಬಂದವರು, ಟ್ಯಾಕ್ಸಿ ಇಳಿದು ಬಂದವರು,
ಕಂಬಳಿಯೊಳಗೆ ಮುದುಡಿದ ಗಂಡಸರು,
ಒಂದು ಕಾಲಕ್ಕೆ ಗಡಿಯಾಚೆ
ಚಿನ್ನದ ಗಣಿಗೆ ಇಳಿದವರು.

ನ್ತಾತೆ ಲೆಬುಸಾ ಟೋಪಿ ತೆಗೆದು
ಲುಮೆಲಾ ಎಂದರು, ನನಗೊಂದು, ಯಂತ್ರಕ್ಕೊಂದು.
ಕಂಬಳಿ ತೆಗೆಯಿರಿ ಎಂದೆ.
ಚಳಿ ಎಂದರು.
ಆ ಮೈಯಲ್ಲಿ ಉಳಿದದ್ದಾದರೂ ಎಷ್ಟು,
ಇರಲಿ ಬಿಡಿ ಎಂದುಬಿಟ್ಟೆ. ಅದೇ ತಪ್ಪು.
ಗಲ್ಲ ಮೇಲೆ, ಭುಜ ಮುಂದೆ, ಎದೆ ಹಲಗೆಗೆ ಒತ್ತಿ.
ಗೋಡೆಯ ಹಿಂದೆ ನಿಂತು ಕೂಗಿದೆ:
ಉಸಿರೆಳೆಯಿರಿ. ಹಿಡಿಯಿರಿ.

ಎಲ್ಲಕ್ಕಿಂತ ಮೊದಲು ಕಣ್ಣಿಗೆ ಹೊಡೆದದ್ದು
ಕಂಬಳಿಯ ಪಿನ್ನು.
ಬೆರಳುದ್ದ, ಎಲುಬಿಗಿಂತ ಬೆಳ್ಳಗೆ,
ಬಲಗಡೆಯ ಶ್ವಾಸಕೋಶವನ್ನು
ತಪ್ಪು ಲೆಕ್ಕದ ಹಾಗೆ ಗೀಚಿ ಹಾಕಿತ್ತು.
ಅದರ ಹಿಂದೆ, ಅದರ ಸುತ್ತ, ಎಡಕ್ಕೂ ಬಲಕ್ಕೂ
ಯಾರೋ ಜೋಳದ ನುಚ್ಚು ಎರಚಿದ್ದಾರೆ.

ಹುಬ್ಬು ಅಲುಗಲಿಲ್ಲ. ಎಷ್ಟು ಹೊತ್ತು ನೋಡಿದೆನೋ,
ಮ್ಮೆ ಮಾಫುಸೆಂಗ್ ಮೊಣಕೈಯಲ್ಲಿ ತಿವಿದರು.
ಗಾಜಿನಾಚೆ ಮುದುಕ
ಇನ್ನೂ ಉಸಿರು ಹಿಡಿದೇ ನಿಂತಿದ್ದಾರೆ,
ಕುತ್ತಿಗೆಯ ನರ ಉಬ್ಬಿಕೊಂಡು.
ಬಿಡಿ ಎಂದು ನಾನು ಹೇಳಲೇ ಇಲ್ಲವಲ್ಲ.

"ಬಿಡಿ! ಬಿಡಿ, ನ್ತಾತೆ!"
ಆಮೇಲೆ ಬಂದ ಕೆಮ್ಮು
ಜನರೇಟರಿಗಿಂತ ಜೋರು.

ಇನ್ನೊಮ್ಮೆ ತೆಗೆಯಬೇಕು, ತಪ್ಪು ನನ್ನದು ಎಂದೆ.
ಕೆಮ್ಮಿನ ನಡುವೆಯೇ ನಕ್ಕರು.
"ಅಪ್ಪಣೆಯಿಲ್ಲದೆ ಬಿಡುವ ಅಭ್ಯಾಸ ನಮಗಿಲ್ಲ ಮಗಳೆ.
ಗಣಿಯವರು ವರ್ಷಕ್ಕೊಮ್ಮೆ ತೆಗೆಯುತ್ತಿದ್ದರು,
ಇಪ್ಪತ್ತೆರಡು ಸಲ ಹೀಗೇ ನಿಂತಿದ್ದೇನೆ.
ಒಂದನ್ನೂ ತೋರಿಸಲಿಲ್ಲ."

ಎರಡನೆಯದು ಚೆನ್ನಾಗಿ ಬಂತು.
ಪುಸ್ತಕದಲ್ಲಿ ಅಚ್ಚು ಹಾಕಿಸುವಷ್ಟು ಚೆನ್ನಾಗಿ.
ಈ ಕಸುಬಿನಲ್ಲಿ ಹೀಗೂ ಒಂದು ಖುಷಿ ಇದೆ,
ಯಾರೆದುರಿಗೂ ಹೇಳಿಕೊಳ್ಳುವ ಹಾಗಿಲ್ಲ.

ಏನಾಗಿದೆ ಎಂದು ಅವರು ಕೇಳಲಿಲ್ಲ.
"ಒಂದು ಸಲ ನೋಡಲೆ?"
ಮ್ಮೆ ಮಾಫುಸೆಂಗ್ ಎಲ್ಲಿಂದಲೋ ಬಟ್ಟೆ ತಂದು
ಪರದೆಯ ಧೂಳು ಒರೆಸತೊಡಗಿದರು,
ಒರೆಸುತ್ತ ಒರೆಸುತ್ತ
ಬಾಗಿಲ ಕಡೆಗೆ ತಿರುಗಿಸಿದರು.
ಧೂಳೇನೂ ಇರಲಿಲ್ಲ ಅದರ ಮೇಲೆ.

ಕಂಬಳಿ ಮತ್ತೆ ಹೊದ್ದು, ಪಿನ್ನು ಹಲ್ಲಲ್ಲಿ ಕಚ್ಚಿ,
ಮಡಿಕೆ ಸರಿಮಾಡುತ್ತ ನೋಡಿದರು, ಬಹಳ ಹೊತ್ತು.
ಪಿನ್ನು ಬಾಯಿಂದ ತೆಗೆದು ಅಂದರು:
"ಅಲ್ಲೇ ಕೊಡವಿ ಬಂದೆ ಅಂದುಕೊಂಡಿದ್ದೆ."

ಸಂಜೆ ಪುಸ್ತಕದಲ್ಲಿ ಬರೆದೆ.
ತೆಗೆದದ್ದು ಎರಡು. ಕೆಟ್ಟದ್ದು ಒಂದು. ಕಾರಣ, ಪಿನ್ನು.
ಮುಂದೆ ಬರೆಯಲು ಖಾನೆ ಇರಲಿಲ್ಲ.

ಎದೆಯ ಮೇಲಿನ ಬಿಲ್ಲೆ ಕಳಚಿ ಡಬ್ಬಿಗೆ ಹಾಕಿದೆ.
ನನ್ನ ಮೈಗೆ ತಾಗಿದ ಕಿರಣಗಳ ಲೆಕ್ಕ ಅದು.
ತಿಂಗಳ ಕೊನೆಗೆ ಗಡಿ ದಾಟಿ ಹೋಗುತ್ತದೆ,
ಅಲ್ಲಿ ಯಾರೋ ಕೂತು ಓದುತ್ತಾರಂತೆ,
ಹೆಚ್ಚಾಗಿದ್ದರೆ ಮಾತ್ರ
ತಿಳಿಸುತ್ತಾರಂತೆ.