ಅಳೆದು, ತೂಗಿ

ತೂಗುವುದೇ ನನ್ನ ಕಸುಬು.
ಸತ್ತವರ ಮನೆಗೆ ಮೂರನೆಯ ವಾರ ಹೋಗುತ್ತೇನೆ,
ಅಳು ಆರಿ ಲೆಕ್ಕ ಶುರುವಾಗುವ ಹೊತ್ತಿಗೆ.
ಬ್ಯಾಗಿನಲ್ಲಿ ಟೇಪು, ಭೂತಗನ್ನಡಿ, ಸಣ್ಣ ಟಾರ್ಚು,
ಮೂರು ಪ್ರತಿಯ ರಸೀದಿ ಪುಸ್ತಕ.

ಇಲ್ಮಾಯೋಕಿಯ ಬಯಲಲ್ಲಿ ಫೆಬ್ರವರಿ,
ಬೇಲಿಗಳ ತಲೆ ಮಾತ್ರ ಹಿಮದ ಮೇಲೆ.
ಸಿರ್ಕಾ ಕಾಫಿ ಬಗ್ಗಿಸಿದಳು. ಅವಳ ತಮ್ಮ ಓಲವಿ ಬಾಯಿ ಬಿಡಲಿಲ್ಲ.
ಒಲೆಯ ಪಕ್ಕ ಅದು:
ತೂಗುಕುರ್ಚಿ. ಬರ್ಚ್ ಮರ. ಕರಿ ಬಣ್ಣದಡಿ ಕೆಂಪು,
ಕೆಂಪಿನಡಿ ಇನ್ನೊಂದು ಕರಿ.
ಕೈಯಿಟ್ಟಲ್ಲೆಲ್ಲ ಬಣ್ಣ ಸವೆದು
ಮರವೇ ಚರ್ಮವಾಗಿದೆ.

ಇಂಥವು ನೂರಾರು ಕಂಡಿದ್ದೇನೆ ಫಿನ್ಲೆಂಡಿನ ಈ ಸೀಮೆಯಲ್ಲಿ.
ಎಲ್ಲರಿಗೂ ತಮ್ಮದೇ ಅತಿ ಹಳೆಯದು,
ಎಲ್ಲರ ಮುತ್ತಜ್ಜನೂ ಸ್ವತಃ ಕೆತ್ತಿದ್ದು.
ಇದನ್ನು ಮಾಡಿದವನು ಹೆರ್ಮಾನ್ನಿ ಎಂಬ ಅಲೆಮಾರಿ ಬಡಗಿ;
ಅಷ್ಟು ಪ್ರಾಮಾಣಿಕತೆ ಈ ಮನೆಗಿತ್ತು.
ತೊಗಟೆ ಕುಟ್ಟಿ ರೊಟ್ಟಿ ತಟ್ಟಿದ ಹಸಿವಿನ ಮರುವರ್ಷ
ಅರ್ಧ ಚೀಲ ರೈ ಕಾಳಿಗೆ ಮಾಡಿಕೊಟ್ಟನಂತೆ.
ಮೊದಲ ಬೆಲೆ ಅದು: ಅರ್ಧ ಚೀಲ.
ಹೊತ್ತು ಹೋದವನು ಊರು ಮುಟ್ಟಿದನೋ ಇಲ್ಲವೋ.
ಬೆನ್ನ ಹಲಗೆಯ ಹಿಂದೆ ಅವನ ಗುರುತು,
ಒಂದು ಮೀನು, ಅಥವಾ ಎಲೆ.
ಭೂತಗನ್ನಡಿಗೂ ತೀರ್ಮಾನವಾಗಲಿಲ್ಲ.

ಮಂಡಿಯೂರಿ ಕೆಳಗೆ ಟಾರ್ಚು ಬಿಟ್ಟೆ.
ಬಲಗಡೆಯ ಬಾಗುಮರ ಮೂಲದ್ದು.
ಎಡಗಡೆಯದು ಬೇರೆ ಜಾತಿ, ಬೇರೆ ಬಾಗು,
ಅಡಿಯಲ್ಲಿ ಕಬ್ಬಿಣದ ಪಟ್ಟಿ ಕಿತ್ತ ಮೊಳೆಗುರುತು.
'ಬದಲಿ ಭಾಗ' ಎಂದು ಬರೆದೆ. 'ದೋಷ.'

ಆಗ ಬಾಯಿ ಬಿಟ್ಟ ಓಲವಿ:
"ಅದು ಜಾರುಬಂಡಿಯದು.
ಹಾಲಿನ ಡಬ್ಬ ಡೈರಿಗೆ ಒಯ್ಯುತ್ತಿತ್ತು.
ಯುದ್ಧದ ಕಾಲದಲ್ಲಿ ಒಮ್ಮೆ ಮಾತ್ರ
ಸ್ಟೇಷನ್ನಿನಿಂದ ಒಂದು ಉದ್ದದ ಪೆಟ್ಟಿಗೆ ತಂದಿತು.
ಮತ್ತೆ ಅಜ್ಜಿ ಅದಕ್ಕೆ ಕುದುರೆ ಕಟ್ಟಗೊಡಲಿಲ್ಲ.
ಕುರ್ಚಿಯ ಬಾಗೂ ಅದೇ ವಾರ ಮುರಿದಿತ್ತು,
ಹೇಗೆಂದು ಯಾರೂ ಕೇಳಲಿಲ್ಲ.
ತಾನೇ ಕೊಡಲಿ ಹಿಡಿದು
ಬಂಡಿಯ ಒಂದು ಬದಿ ಒಲೆಗೆ ಹಾಕಿದಳು,
ಇನ್ನೊಂದು ಬದಿ ಇಲ್ಲಿಗೆ."

ಎರಡು ಬಾಗು ಒಂದಕ್ಕೊಂದು ಕೂಡುವುದಿಲ್ಲ.
ಹಾಗಾಗಿ ಈ ಕುರ್ಚಿ ತೂಗಿದರೆ ನಡೆಯುತ್ತದೆ,
ಒಂದೊಂದು ತೂಗಾಟಕ್ಕೆ ಕೂದಲೆಳೆಯಷ್ಟು,
ಒಲೆಯಿಂದ ಕಿಟಕಿಯತ್ತ.
ನೆಲದ ಹಲಗೆಯ ಮೇಲೆ ಅದರ ದಾರಿ
ಕುಡುಗೋಲಿನ ಹಾಗೆ ಬಾಗಿ ಮಿಂಚುತ್ತದೆ.

"ಅಜ್ಜಿಯ ನಂತರ ಅಮ್ಮ," ಅಂದಳು ಸಿರ್ಕಾ,
"ನಿದ್ದೆಗೇಡೂ ಪಿತ್ರಾರ್ಜಿತವೇ ನಮ್ಮಲ್ಲಿ.
ಬೆಳಿಗ್ಗೆ ಎದ್ದು ಮೊದಲು ನೋಡುತ್ತಿದ್ದೆವು,
ಕುರ್ಚಿ ಎಷ್ಟು ದೂರ ಬಂದಿದೆ ಅಂತ.
ಒಂದು ಗೇಣಾದರೆ ಅಮ್ಮನಿಗೆ ಕಣ್ಣು ಹತ್ತಿದೆ.
ಕಿಟಕಿ ಮುಟ್ಟಿದ್ದರೆ
ಅವತ್ತು ತಲೆ ನಾವೇ ಬಾಚಿಕೊಳ್ಳುವುದು,
ಬಾಗಿಲು ಮೆಲ್ಲಗೆ ಹಾಕುವುದು."

ಯಾವ ಕಾಲಮ್ಮಿನಲ್ಲಿ ಬರೆಯಲಿ ಇದನ್ನು?

ಬೆಲೆ ಕಟ್ಟುವ ವಸ್ತುವಿನ ಮೇಲೆ ಕೂರಬಾರದು, ನಿಯಮ.
ಕೂತೆ.
ತೂಗಲು ಬಂದವಳು ನಾನು, ತೂಗಿಕೊಂಡೆ.
ನವೆಂಬರಿನಿಂದ ದಿನವೂ ಮೂರು ಗಂಟೆಗೆ
ಎಚ್ಚರವಾಗುತ್ತದೆ ನನಗೆ. ಯಾರಿಗೂ ಹೇಳಿಲ್ಲ.
ಲೋಟದಲ್ಲಿ ಕಾಫಿ ಆರಿತು.

"ನೂರಾ ನಲವತ್ತು ಯೂರೋ," ಅಂದೆ ಎದ್ದು.
ಸುಳ್ಳು ಹೇಳಲಾಗುವುದಿಲ್ಲ, ಮಾರುಕಟ್ಟೆಗೆ ಕಿವಿಯಿಲ್ಲ.
"ಎಡದ್ದು ತೆಗೆಸಿ ಸರಿಯಾದ ಬಾಗು ಹಾಕಿಸಿದರೆ
ನಾನೂರು ಬರಬಹುದು.
ಆಗ ಇದು ಇದ್ದಲ್ಲೇ ಇರುತ್ತದೆ."

ಇಬ್ಬರೂ ಮಾತಾಡಲಿಲ್ಲ.
ನಾನು ಕೋಟು ಹಾಕಿಕೊಳ್ಳುವಾಗ
ಓಲವಿ ಎದ್ದು, ಹೊರಗಿನ ಹಿಮ ನೋಡುತ್ತಲೇ,
ಕುರ್ಚಿಯನ್ನು ಮೊಣಕಾಲಿನಿಂದ ಒಲೆಯ ಪಕ್ಕಕ್ಕೆ ನೂಕಿದ,
ಚಿಕ್ಕಂದಿನಲ್ಲಿ ದಿನಾ ಬೆಳಿಗ್ಗೆ ನೂಕಿದ ಹಾಗೆ.

"ಒಂದೂವರೆ ಗೇಣು," ಅಂದಳು ಸಿರ್ಕಾ,
ನನ್ನ ಮುಖ ನೋಡಿ.
ಆರಿದ ಕಾಫಿ ಚೆಲ್ಲಿ
ಬಿಸಿಯದು ಬಗ್ಗಿಸಿದಳು.