ಗಿರಾಕಿ: ನಾವೇ

ಪಾವತಿ ಪುಸ್ತಕದ ಹಿಂದಿನ ಹಾಳಿ ಮ್ಯಾಲ
ಯಾದಿ ಬರಿಯಾಕ ಕುಂತೀನಿ.
ಮುಂದಿನ ಮಗ್ಗಲಕ್ಕ ಮರಾಠಿ ಅಚ್ಚು:
ಮಲಕಾರಿ ಮಂಡಪ ಡೆಕೋರೇಟರ್ಸ್, ಜತ್ತ, ಜಿಲ್ಲಾ ಸಾಂಗಲಿ,
ಗಾದಿ, ಖುರ್ಚಿ, ಪಾತೇಲಿ, ಎರಡು ಫೋನ್ ನಂಬರು.
ಹಿಂದ ಏನೂ ಇಲ್ಲ. ಅಲ್ಲಿ ನನ್ನ ಕನ್ನಡ.

ಪ್ರಾಜಕ್ತಾ ಸಾಲ್ಯಾಗಿಂದ ಸುದ್ದಿ ತಂದಾಳ.
ದಂಡೋಬಾನ ಗುಡ್ಡದಾಗ ಅರಣ್ಯದವರು
ಡೇರೆ ಹಾಕಾಕ ಜಾಗ ಕೊಡ್ತಾರಂತ,
ಒಂದು ರಾತ್ರಿಗೆ, ಒಂದು ಮನಿತನಕ್ಕ ಒಂದು.
ಇಪ್ಪತ್ತು ವರ್ಷ ಮಂದಿ ಲಗ್ನಕ್ಕ ನೆರಳು ಮಾಡಿದ ನಮ್ಮವರು
ಹೆಂಡ್ತಿ ಮಕ್ಕಳಿಗೊಂದು ನೆರಳು ಮಾಡಾಕ
ಮೂರು ದಿನದಿಂದ ಲೆಕ್ಕ ಹಾಕಾಕತ್ತಾರ.

"ನಮ್ಮಲ್ಲಿ ಸಣ್ಣದಂದ್ರ ಹನ್ನೆರಡು-ಇಪ್ಪತ್ನಾಕು.
ಕಬ್ಬಿಣದ ಕಂಬ ಎಂಟು. ಝಾಲರ ಬೇಕೇನು?"
ಝಾಲರ ಯಾಕ್ರಿ, ಗುಡ್ಡಕ್ಕ ಬೀಗರು ಬರ್ತಾರೇನು?
"ಪ್ಲೇಟು ಐವತ್ತಿರಲಿ. ಕಡಿಮಿ ಬಿದ್ರ ಮಾನ ಹೋಗ್ತದ."
ಐದು ಮಂದಿ, ಅಂದೆ. ಐದು.
ಐದನ್ನೂ ಅಂಕಿ ಅವರ ಬಾಯಾಗ
ಮಗನ ಚಪ್ಪಲಿ ಮೆಟ್ಟಿದಂಗ ಒದ್ದಾಡಿತು.

ತಾರೀಖು ಹುಡುಕೂದು ಇನ್ನೂ ಕಠಿಣ.
ಕ್ಯಾಲೆಂಡರಿನ್ಯಾಗ ಒಳ್ಳೇ ದಿನ ಎಲ್ಲಾ ಮಂದೀವು.
ಕೆಂಪು ಚುಕ್ಕಿ ಲಗ್ನ, ಹಳದಿ ತೊಟ್ಟಿಲು,
ಬರೇ ಗೆರಿ ಎಳದದ್ದು ಯಾರದೋ ತಿಥಿ.
ಹಾಳಿ ತಿರುವಿ ತಿರುವಿ ಉಳಿದದ್ದು ಎಳ್ಳ ಅಮಾಸಿ,
ಊರಿಗೂರೇ ಹೊಲಕ್ಕ ಹೋಗಿ
ಚರಗ ಚೆಲ್ಲಿ ಉಂಡು ಬರೂ ದಿನ.
ನಮಗ ಹೊಲ ಇಲ್ಲ.
"ಅಮಾಸಿಗೆ ಗುಡ್ಡಕ್ಕ ಹೋಗೂದೇನು?" ಅಂದ್ರು.
"ಅಮಾಸಿಗೇ ಚಿಕ್ಕಿ ಭಾಳ ಕಾಣ್ತಾವ ಪಪ್ಪಾ."

ಮೂಲ್ಯಾಗ ಶೇಂಗಾ ಒಡೀತಿದ್ದ ಅತ್ತಿ ತಲಿ ಎತ್ತಲಿಲ್ಲ.
"ಸಿಮೆಂಟಿನ ಮನಿ ಇದ್ದವರು ಅರಬ್ಯಾಗ ಯಾಕ ಮಲಗ್ತೀರಿ?
ನಾ ಮಲಗೀನಿ ಹನ್ನೊಂದು ಹಂಗಾಮ,
ಕೊಲ್ಲಾಪುರದ ಕಡೆ, ಫ್ಯಾಕ್ಟರಿ ಹಿಂದ, ಜೋಪಡ್ಯಾಗ.
ಹಗಲೆಲ್ಲಾ ಕಬ್ಬು ಕಡಿಯೂದು. ಇಂವ ಹುಟ್ಟಿದ್ದೂ ಅಲ್ಲೇ.
ಮಜಾ ಬಂತೇನಂತ ಯಾರೂ ಕೇಳಲಿಲ್ಲ."

ನನ್ನ ಪೆನ್ನು ನಿಂತಿತು.
ಆರು ವರ್ಷದ ಬೀರುಗ ಅದೇನೂ ತಿಳೀಲಿಲ್ಲ:
"ಆಯೀ, ಅಲ್ಲಿ ಟಾರ್ಚ್ ಇತ್ತಾ?"
"ಚಿಮಣಿ ಇತ್ತು. ಗಾಳಿಗೆ ಆರತಿತ್ತು."
"ಆಮ್ಯಾಲ?"
"ಆಮ್ಯಾಲ ಚಿಕ್ಕಿ ಇರ್ತಿದ್ದುವು.
ನೋಡಾಕ ಕಣ್ಣು ತೆರದಿರ್ತಿದ್ದಿಲ್ಲ ನೋಡಪಾ."

ನಮ್ಮವರು ಸುಮ್ಮಕ ಎದ್ದು
ಗೋದಾಮಿಗೆ ಹೋಗಿ ಭಾಳೊತ್ತು ಬರಲಿಲ್ಲ.

ರಾತ್ರಿ ಉಂಡಾದ ಮ್ಯಾಲ ಅತ್ತಿ ತಾನೇ ಬಂದು
ಯಾದಿ ಓದಂದ್ಲು. ಓದಿದೆ.
ಸಣ್ಣ ಡೇರೆ ಒಂದು, ಮಿರಜದಿಂದ ಬಾಡಿಗಿ.
ಬಾಡಿಗಿ ಕೊಡಾವರಿಗೆ ಬಾಡಿಗಿ ತರಾಕ ನಾಚಿಕಿ,
ಅದಕ್ಕ ಮೈದುನನ್ನ ಕಳಸೂದು.
ನೀರಿನ ಕ್ಯಾನು. ಖಡಕ್ ರೊಟ್ಟಿ, ಶೇಂಗಾ ಹಿಂಡಿ,
ಭಜ್ಜಿ ಪಲ್ಯ ಕಟ್ಟಿಕೊಂಡು ಹೋಗೂದು. ಗಾದಿ ಎರಡು.
"ಗಾದಿ ಥಂಡಿ ಕುಡೀತದ. ಬರೂ ಹಾದ್ಯಾಗ ಕಬ್ಬಿನ ರವದಿ ಸಿಗ್ತದ,
ಅದನ್ನ ಹಾಸಿ ಮ್ಯಾಲ ಕಂಬಳಿ ಹಾಸು.
ಬಾಗಲಾ ಗಾಳಿಗೆ ಬೆನ್ನ ಮಾಡಿರಲಿ.
ಗೂಟ ನೆಟ್ಟಗ ಬಡದ್ರ ಕೀಳ್ತದ, ಓರಿ ಬಡೀಬೇಕು.
ಇಂವಗ ಅದನ್ನ ಕಲಿಸಿದಾಕಿ ನಾನೇ."

ನೀವೂ ಬರ್ತೀರೇನು ಅತ್ತಿ?
"ಐದು ಅಂತ ಬರದೀಯಲ್ಲ ಮತ್ತ."
ಶೇಂಗಾದ ಸಿಪ್ಪಿ ಝಾಡಿಸಿ ಎದ್ಲು.

ಮರುದಿನ ನಮ್ಮವರು ಪುಸ್ತಕ ತಿರುವಿ
ಅಚ್ಚಿನ ಮಗ್ಗಲದಾಗ ತುಂಬಿದ್ರು.
ಗಿರಾಕಿ: ನಾವೇ. ದಿನ: ಎಳ್ಳ ಅಮಾಸಿ.
ಅಡ್ವಾನ್ಸಿನ ಖಾನೇದ ಮ್ಯಾಲ ಬೀರು
ತನ್ನ ಎರಡು ರೂಪಾಯಿ ಇಟ್ಟ.

ಅಷ್ಟರಾಗ ಉಮದಿಯಿಂದ ಫೋನು.
ಅಮಾಸಿಗೆ ಹೊಲದಾಗ ಊಟ, ಸಣ್ಣದೊಂದು ನೆರಳು ಬೇಕು,
ಪ್ಲೇಟು ನೂರು, ರೊಕ್ಕ ಕೈಮ್ಯಾಲ.
ಇವರು ನನ್ನ ಮಾರಿ ನೋಡಿದ್ರು, ಪುಸ್ತಕ ನೋಡಿದ್ರು.
"ಆ ದಿನ ಬುಕಿಂಗ್ ಆಗೇದ್ರಿ."

ಹನ್ನೆರಡು-ಇಪ್ಪತ್ನಾಕರದು
ಗೋದಾಮಿನ್ಯಾಗ ಮಡಿಚಿಕೊಂಡು ಮಲಗಿತ್ತು.