ಚಿಕ್ಕಂದಿನಲ್ಲಿ ಕಂಡವರು

ಫೋನಿನಲ್ಲಿ ಹೇಳಿದ್ದರು:
ನಿಮ್ಮನ್ನು ಚಿಕ್ಕಂದಿನಲ್ಲಿ ಕಂಡವರು
ಯಾರಾದರೂ ಇದ್ದರೆ ಕರೆತನ್ನಿ.
ಅವ್ವ ಇಲ್ಲ. ಅಪ್ಪನಿಗೆ ನನ್ನ ವಯಸ್ಸೇ ಸರಿಯಾಗಿ ನೆನಪಿಲ್ಲ.
ಹಾಗಾಗಿ ಪಕ್ಕದ ಮನೆಯ ನಿಂಗಾಜಮ್ಮ,
ಆಲೆಮನೆಯ ಕೊಪ್ಪರಿಗೆ ಮುಂದೆ ಮೂವತ್ತು ವರ್ಷ ಬೆಂದವಳು,
ಇಸ್ತ್ರಿ ಸೀರೆಯುಟ್ಟು, ಎಲೆಅಡಿಕೆ ಚೀಲ ಸೊಂಟಕ್ಕೆ ಸಿಕ್ಕಿಸಿ
ಮಂಡ್ಯ ಸ್ಟೇಷನ್ನಿಗೆ ನನಗಿಂತ ಮುಂಚೆ ಬಂದು ಕೂತಿದ್ದಳು.

ಮೈಸೂರು, ಸರಸ್ವತಿಪುರಂ. ಕನ್ನಡಕದಂಗಡಿಯ ಮೇಲಣ ಮಹಡಿ.
ಹದಿನೇಳು ಮೆಟ್ಟಿಲು.
ಟ್ಯೂಬ್‌ಲೈಟು ಜುಂಯ್ಯೆನ್ನುತ್ತಿದೆ.
ನಿಂಗಾಜಮ್ಮನಿಗೆ ಕೇಳಿಸುತ್ತಿಲ್ಲ, ಡಾಕ್ಟರಿಗೂ ಕೇಳಿಸುತ್ತಿಲ್ಲ,
ನನಗೆ ಅದೊಂದೇ ಕೇಳಿಸುತ್ತಿದೆ.

ಪ್ರಶ್ನೆಗಳು ಎಲ್ಲಿಂದಲೋ ಕನ್ನಡಕ್ಕೆ ಬಂದು
ಇನ್ನೂ ಸುಧಾರಿಸಿಕೊಂಡಿಲ್ಲ:
'ಮಗುವು ಸಮವಯಸ್ಕರೊಡನೆ ಕಾಲ್ಪನಿಕ ಆಟದಲ್ಲಿ ತೊಡಗುತ್ತಿತ್ತೇ?
ಯಾವಾಗಲೂ, ಆಗಾಗ, ಅಪರೂಪಕ್ಕೆ, ಎಂದೂ ಇಲ್ಲ.'

"ಆಟ ಅಂದ್ರೆ ಬೆಲ್ಲದಚ್ಚು ಎಣಿಸ್ತಿದ್ಲು ಕಣಮ್ಮ.
ಸಾಲಾಗ್ ಮಡಗಾದು, ಎಣಿಸಾದು, ಕೆಡವಾದು, ತಿರ್ಗಾ ಎಣಿಸಾದು.
ಯಾರಾರ ಒಂದಚ್ಚು ಎತ್ಕಂಡ್ರೋ
ಊರೇ ಹಾರೋಗಂಗೆ ಕಿರುಚೋಳು."

ಹಾಗಾದರೆ ಒಂದು ಕಡೆ ಕೂರುತ್ತಿದ್ದರು?

"ಎಣಿಸಾವಾಗ ಕುಂತ್ಕಳೋಳು. ಮಿಕ್ಕಂಗೆ ಎಲ್ಲಿ!
ಹಾಲು ತಕ್ಕಂಡ್ ಬಾ ಅಂತ ಕಳ್ಸುದ್ರೆ
ಚೊಂಬು ನಾಲೆ ಏರಿ ಮ್ಯಾಲೆ, ಮಗ ಇನ್ನೆಲ್ಲೋ."
ಎಲೆಗೆ ಸುಣ್ಣ ಸವರುತ್ತ, ಯಾರೂ ಕೇಳದೆಯೇ ಅಂದಳು:
"ಇವ್ಳವ್ವ ಹೊಸ ಲಂಗ ಬಂತು ಅಂದ್ರೆ
ಮದ್ಲು ಟೈಲರ್ ಚೀಟಿ ಬಿಚ್ಚಾಕೋಳು, ಬ್ಲೇಡಲ್ಲಿ, ನಿಧಾನಕ್ಕೆ.
ಯಾಕಕ್ಕ ಅಂದ್ರೆ, ಮಗೀಗೆ ಚುಚ್ಚತದೆ ಅನ್ನೋಳು."

ನನಗಿದು ಗೊತ್ತಿರಲಿಲ್ಲ.
ಪ್ರತಿ ರವಿಕೆಯ ಚೀಟಿ ನಾನೇ ಕತ್ತರಿಸಿಕೊಳ್ಳುತ್ತೇನೆ,
ಬಾಗಿಲು ಹಾಕಿಕೊಂಡು, ಕಳ್ಳಿಯ ಹಾಗೆ.
ಡಾಕ್ಟರು ನೀರು ಕೊಟ್ಟರು.

ಸರ್ವೆ ಆಫೀಸಿನಲ್ಲಿ ನನ್ನ ಮೇಜಿಗೆ ವಾರಕ್ಕೊಂದು ಬರುತ್ತದೆ:
ಒಂದೇ ಸರ್ವೆ ನಂಬರು, ಎರಡು ಪಹಣಿ.
ಹದ್ದುಬಸ್ತು ಮಾಡಿಸಿ ಎಂದು ಬರೆದು ಮೊಹರು ಒತ್ತುತ್ತೇನೆ.
ನನ್ನ ಮನೆಯಲ್ಲಿ
ಒಬ್ಬಳು ಡಬ್ಬಿಗಳಿಗೆಲ್ಲ ಹೆಸರು ಬರೆದು ಅಂಟಿಸುತ್ತಾಳೆ,
ಇನ್ನೊಬ್ಬಳು ಮುಚ್ಚಳ ಎಲ್ಲಿಟ್ಟಳೋ.
ಒಬ್ಬಳಿಗೆ ದಿನಾ ಅದೇ ಉಪ್ಪಿಟ್ಟು, ಅಂಚು ತಗ್ಗಿದ ಅದೇ ತಟ್ಟೆ.
ಇನ್ನೊಬ್ಬಳು ಒಲೆ ಹಚ್ಚಿದ್ದೇ ಮರೆತು
ತಾರಸಿಯಲ್ಲಿ ಹಳೇ ರೇಡಿಯೋ ಬಿಚ್ಚುತ್ತಿರುತ್ತಾಳೆ.
ಒಬ್ಬಳ ತಪ್ಪನ್ನು ಇನ್ನೊಬ್ಬಳು ಮುಚ್ಚಿ ಮುಚ್ಚಿ
ನಲವತ್ತು ವರ್ಷ ಯಾರಿಗೂ ಅನುಮಾನ ಬರಲಿಲ್ಲ.
ಸಂಜೆಗೆ ಸೋತು ಗೋಡೆ ಹಿಡಿಯುತ್ತಿದ್ದವಳು ಮಾತ್ರ
ಒಬ್ಬಳೇ.

ವರದಿ ಮೂರು ವಾರಕ್ಕೆ.
ಎರಡನ್ನೂ ಒಟ್ಟಿಗೇ ನೋಡಬೇಕು ವನಜಾ ಅವರೇ, ಎಂದರು,
ಬೇರೆ ಬೇರೆ ನೋಡಿದರೆ ಒಂದರ ಹಿಂದೆ ಒಂದು ಅವಿತುಕೊಳ್ಳಬಹುದು.
ಕೊಡೆ ಅಲ್ಲೇ ಬಿಟ್ಟು ಬಂದೆ.

ಸಂಜೆಯ ಪ್ಯಾಸೆಂಜರು. ಬಾಯೊಳಗೇ ನಾನು
ನಾಗನಹಳ್ಳಿ, ಶ್ರೀರಂಗಪಟ್ಟಣ, ಪಾಂಡವಪುರ,
ಚಂದಗಿರಿಕೊಪ್ಪಲು, ಬ್ಯಾಡರಹಳ್ಳಿ, ಯಲಿಯೂರು.
ಆರು ವರ್ಷದವಳಿದ್ದಾಗಿನಿಂದ ಒಂದೂ ತಪ್ಪಿಲ್ಲ.
ಮುಗಿದರೆ ಮತ್ತೆ ಮೊದಲಿಂದ.
ನಡುವೆ ಅವ್ವನ ಕೈ, ಬ್ಲೇಡು,
ಒಂದೊಂದೇ ಹೊಲಿಗೆ.

ಇಳಿದು ನೋಡಿದರೆ ಹಳದಿ ಹಲಗೆಯ ಮೇಲೆ ಹನಕೆರೆ.
ಮಂಡ್ಯ ಹಿಂದೆಯೇ ಉಳಿದಿತ್ತು.

ನಿದ್ದೆ ಬಂದಿತ್ತೇನು ನಿಂಗಾಜಮ್ಮ, ಎಚ್ಚರಿಸಬಾರದಿತ್ತೇ?
"ಎಚ್ರಾಗೇ ಇದ್ದೆ.
ನೀನು ಎಣಿಸ್ತಿದ್ದಲ್ಲ."

ವಾಪಸ್ ಗಾಡಿಗೆ ಇನ್ನೂ ಐವತ್ತು ನಿಮಿಷ.
ಅವಳು ಕಲ್ಲು ಬೆಂಚಿನ ಮೇಲೆ ಕಾಲು ಚಾಚಿ
ಎಲೆಅಡಿಕೆ ಚೀಲ ಬಿಚ್ಚಿದಳು.